ಜನಸಂಖ್ಯೆಯ ಲೆಕ್ಕದಿಂದ ಮಲೆನಾಡಿಗೆ ಎಷ್ಟು ಆರೋಗ್ಯ ಸಿಬ್ಬಂದಿ ಬೇಕೆಂದು ಹೇಳಲು ಸಾಧ್ಯವೇ?

ಪ್ರಶ್ನೆ: ಹೇಮಾವತಿ ದಂಡೆ, ಸಕಲೇಶಪುರ

ಎಲ್ಲರಿಗೂ ನಮಸ್ಕಾರ. ನಾನು ಸಕಲೇಶಪುರ ತಾಲ್ಲೂಕಿನವಳು. ಸಾರ್ವಜನಿಕ ಆರೋಗ್ಯದಲ್ಲಿ ಸ್ನಾತಕೋತ್ತರ ಪದವಿ ಮುಗಿಸಿ ಸಂಶೋಧನೆಗೆ ನೋಂದಾಯಿಸಿಕೊಂಡಿದ್ದೇನೆ. ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳಿಗೆ ಮುಂದಿನ ಹತ್ತು ವರ್ಷಗಳಲ್ಲಿ ಎಷ್ಟು ವೈದ್ಯರು, ಶುಶ್ರೂಷಕಿಯರು ಮತ್ತು ಕ್ಷೇತ್ರ ಆರೋಗ್ಯ ಸಿಬ್ಬಂದಿ ಬೇಕಾಗಬಹುದು ಎಂಬುದು ನನ್ನ ವಿಷಯ.

ಈ ಕ್ಷೇತ್ರದಲ್ಲಿ ಜಗತ್ತಿನ ಸಂಶೋಧಕರು ಏನು ಮಾಡಿದ್ದಾರೆ ಎಂದು ಓದುತ್ತಾ ಹೋದಂತೆ ಸ್ಪಷ್ಟತೆಗಿಂತ ಗೊಂದಲವೇ ಹೆಚ್ಚಾಗಿದೆ. ವಿಶ್ವ ಆರೋಗ್ಯ ಸಂಸ್ಥೆಯ 2006ರ ವರದಿಯು ಸಾವಿರ ಜನಸಂಖ್ಯೆಗೆ ವೈದ್ಯರು, ಶುಶ್ರೂಷಕಿಯರು ಮತ್ತು ತರಬೇತಿ ಪಡೆದ ಸೂಲಗಿತ್ತಿಯರು ಎಲ್ಲರೂ ಸೇರಿ ಕನಿಷ್ಠ 2.28 ಮಂದಿ ಇರಬೇಕೆಂದು ಲೆಕ್ಕ ಹಾಕಿ, ಅದಕ್ಕಿಂತ ಕೆಳಗಿರುವ 57 ದೇಶಗಳಲ್ಲಿ ಸಿಬ್ಬಂದಿಯ ಕೊರತೆ ಗಂಭೀರವಾಗಿದೆ ಎಂದಿತು. ಆ 57ರಲ್ಲಿ ಭಾರತವೂ ಇತ್ತು. ಹತ್ತು ವರ್ಷಗಳ ನಂತರ, 2016ರಲ್ಲಿ, ಅದೇ ಸಂಸ್ಥೆಯ ಕಾರ್ಯತಂತ್ರದಲ್ಲಿ ಈ ಅಂಕಿ 4.45 ಆಯಿತು. 2011ರ ಜನಗಣತಿಯಂತೆ ಚಿಕ್ಕಮಗಳೂರು ಜಿಲ್ಲೆಯ ಜನಸಂಖ್ಯೆ 11,37,961. ಮೊದಲ ಅಳತೆಯಿಂದ ನೋಡಿದರೆ ಜಿಲ್ಲೆಗೆ ಸುಮಾರು 2,595 ಮಂದಿ ಸಾಕು. ಎರಡನೆಯದರಿಂದ ನೋಡಿದರೆ ಸುಮಾರು 5,064 ಮಂದಿ ಬೇಕು. ಒಂದೇ ಜಿಲ್ಲೆ, ಒಂದೇ ಜನಗಣತಿ, ಉತ್ತರ ಮಾತ್ರ ಹೆಚ್ಚುಕಡಿಮೆ ದುಪ್ಪಟ್ಟು.

ನನ್ನನ್ನು ಇನ್ನೂ ಹೆಚ್ಚು ಕಾಡುವ ಸಂಗತಿ ಬೇರೆಯೇ ಇದೆ. 2001ರಿಂದ 2011ರ ನಡುವೆ ಚಿಕ್ಕಮಗಳೂರು ಜಿಲ್ಲೆಯ ಜನಸಂಖ್ಯೆ ಬೆಳೆಯಲಿಲ್ಲ, ಅಲ್ಪ ಪ್ರಮಾಣದಲ್ಲಿ ಇಳಿಯಿತು. ಹಾಸನದಲ್ಲೂ ಬೆಳವಣಿಗೆ ಹತ್ತು ವರ್ಷಕ್ಕೆ ಶೇ. 3ರ ಆಸುಪಾಸಿನಲ್ಲಿತ್ತು. ಜನಸಂಖ್ಯೆಗೆ ಇಷ್ಟು ಹುದ್ದೆ ಎಂಬ ಸೂತ್ರವನ್ನು ಹಿಡಿದು ಮುಂದಿನ ವರ್ಷಗಳ ಅಂದಾಜು ಮಾಡಿದರೆ, ಮಲೆನಾಡಿನ ತಾಲ್ಲೂಕುಗಳಲ್ಲಿ ಹುದ್ದೆಗಳನ್ನು ಕಡಿಮೆ ಮಾಡಬಹುದು ಎಂಬ ಉತ್ತರ ಬರುತ್ತದೆ. ಆದರೆ ಜನ ಕಡಿಮೆಯಾದರೆಂದು ಒಂದು ಮನೆಯಿಂದ ಇನ್ನೊಂದು ಮನೆಗಿರುವ ದೂರವೇನೂ ಕಡಿಮೆಯಾಗಿಲ್ಲ. ನಮ್ಮೂರಿನಲ್ಲಿ ಮಕ್ಕಳೆಲ್ಲ ಬೆಂಗಳೂರಿಗೆ ಹೋಗಿ, ಸಕ್ಕರೆ ಕಾಯಿಲೆ, ರಕ್ತದೊತ್ತಡ ಇರುವ ಹಿರಿಯರಷ್ಟೇ ಉಳಿದ ಮನೆಗಳು ಎಷ್ಟೋ ಇವೆ. ಅವರನ್ನು ನೋಡಿಕೊಳ್ಳುವ ಕೆಲಸ ಹಿಂದಿಗಿಂತ ಹೆಚ್ಚಾಗಿದೆ ಎಂದು ನನಗೆ ಬಲವಾಗಿ ಅನಿಸುತ್ತದೆ. ಇದನ್ನು ಹೇಳಿದಾಗ ನನ್ನ ಮಾರ್ಗದರ್ಶಕರು, ಅನಿಸಿಕೆಯನ್ನು ಪ್ರಬಂಧದಲ್ಲಿ ಬರೆಯಲು ಬರುವುದಿಲ್ಲ, ವಿಧಾನ ತೋರಿಸಿ ಎಂದರು. ಅವರು ಹೇಳಿದ್ದು ಸರಿಯೇ. ದೂರವನ್ನೂ ಕೆಲಸವನ್ನೂ ಲೆಕ್ಕಕ್ಕೆ ತರುವ, ಇತರ ಸಂಶೋಧಕರು ಒಪ್ಪುವಂಥ ವಿಧಾನ ಯಾವುದು? ಇಲ್ಲಿ ಆ ಕೆಲಸ ಮಾಡಿದವರು, ಆರೋಗ್ಯ ಇಲಾಖೆಯಲ್ಲಿ ದುಡಿದವರು ಇದ್ದರೆ ದಯವಿಟ್ಟು ತಿಳಿಸಿ.

ಉತ್ತರ: ಗಿರಿಸಾಲು, ಚಿಕ್ಕಮಗಳೂರು

ಪ್ರಶ್ನೆ ಕೇಳಿದವರಿಗೆ ವಂದನೆಗಳು. ನಾನು ಚಿಕ್ಕಮಗಳೂರಿನವನು, ಹಲವು ವರ್ಷಗಳಿಂದ ಆರೋಗ್ಯ ಸಿಬ್ಬಂದಿಯ ಯೋಜನೆಯ ಕುರಿತ ಸಂಶೋಧನೆಯಲ್ಲಿದ್ದೇನೆ, ಅದರಲ್ಲಿ ಹೆಚ್ಚಿನ ಕಾಲ ಹೊರದೇಶಗಳ ಅಂಕಿಅಂಶಗಳೊಂದಿಗೇ ಕಳೆದಿದೆ. ನಿಮ್ಮ ಗೊಂದಲಕ್ಕೆ ಕಾರಣ ನಿಮ್ಮ ಓದಿನಲ್ಲಿಲ್ಲ, ಆ ಅಂಕಿಗಳು ಯಾವ ಪ್ರಶ್ನೆಗೆ ಉತ್ತರವಾಗಿ ಹುಟ್ಟಿದವು ಎಂಬುದರಲ್ಲಿದೆ.

2.28 ಎಂಬುದು ಹೆರಿಗೆಯಿಂದ ಬಂದ ಅಂಕಿ. ನೂರರಲ್ಲಿ 80 ಹೆರಿಗೆಗಳು ತರಬೇತಿ ಪಡೆದವರ ಕೈಯಲ್ಲಿ ಆಗಬೇಕಾದರೆ ಒಂದು ದೇಶದಲ್ಲಿ ಸರಾಸರಿ ಎಷ್ಟು ಸಿಬ್ಬಂದಿ ಇರುತ್ತಾರೆ ಎಂದು ದೇಶದೇಶಗಳನ್ನು ಹೋಲಿಸಿ ಅದನ್ನು ತೆಗೆದರು. ಕರ್ನಾಟಕದಲ್ಲಿ 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಶೇ. 97ರಷ್ಟು ಹೆರಿಗೆಗಳು ಆಸ್ಪತ್ರೆಗಳಲ್ಲಿಯೇ ಆಗಿವೆ. ಅಂದರೆ ಆ ಅಂಕಿ ಕೇಳುತ್ತಿದ್ದ ಪ್ರಶ್ನೆಯನ್ನು ನಾವು ದಾಟಿ ಬಂದಿದ್ದೇವೆ. ನಿಮ್ಮ ಊರಿನ ಸಕ್ಕರೆ ಕಾಯಿಲೆಯ ಅಜ್ಜನ ಬಗ್ಗೆ ಅದಕ್ಕೆ ಹೇಳಲು ಏನೂ ಇಲ್ಲ. 4.45 ಬಂದದ್ದು ವಿಶ್ವಸಂಸ್ಥೆಯ ಸುಸ್ಥಿರ ಅಭಿವೃದ್ಧಿ ಗುರಿಗಳಿಗೆ ಸಂಬಂಧಿಸಿದ 12 ಸೂಚಕಗಳನ್ನು ಒಟ್ಟುಗೂಡಿಸಿದಾಗ. ಅದರಲ್ಲಿ ಹೆರಿಗೆಯ ಜೊತೆಗೆ ಮಧುಮೇಹ, ಕ್ಷಯ, ತಂಬಾಕು ಮುಂತಾದವೂ ಸೇರಿರುವುದರಿಂದ ಅಂಕಿ ದೊಡ್ಡದಾಯಿತು. ಎರಡರಲ್ಲೂ ಎಣಿಸಿರುವುದು ವೈದ್ಯರು, ಶುಶ್ರೂಷಕಿಯರು ಮತ್ತು ಸೂಲಗಿತ್ತಿಯರನ್ನು ಮಾತ್ರ ಎಂಬುದನ್ನು ಮರೆಯಬೇಡಿ. ನಮ್ಮ ಹಳ್ಳಿಗಳಲ್ಲಿ ದುಡಿಯುತ್ತಿರುವ ಆಶಾ ಕಾರ್ಯಕರ್ತೆಯರು ಆ ಎಣಿಕೆಯೊಳಗೆ ಬರುವುದಿಲ್ಲ. ಸಾವಿರ ಜನರಿಗೆ ಒಬ್ಬ ವೈದ್ಯರು ಎಂಬ, ಪತ್ರಿಕೆಗಳಲ್ಲಿ ಪದೇ ಪದೇ ಕಾಣುವ ಅಳತೆಯೂ ಈ ಎರಡು ಲೆಕ್ಕಗಳಲ್ಲಿ ಎಲ್ಲಿಯೂ ಇಲ್ಲ. ಅವು ಮೂರೂ ವರ್ಗದವರನ್ನು ಕೂಡಿಸಿಯೇ ಹೇಳುತ್ತವೆ.

ಇವು ದೇಶಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡುವುದಕ್ಕೆ ಉಪಯುಕ್ತ. ಒಂದು ತಾಲ್ಲೂಕಿಗೆ ಹುದ್ದೆ ಹಂಚುವುದಕ್ಕೆ ಇವುಗಳನ್ನು ಬಳಸುವುದು, ಇಡೀ ರಾಜ್ಯದ ಸರಾಸರಿ ಮಳೆಯನ್ನು ನೋಡಿ ಅರಸೀಕೆರೆಯಲ್ಲಿ ರಾಗಿ ಬಿತ್ತಿದಂತೆ. ಜನಸಂಖ್ಯೆಯ ಅನುಪಾತ, ಕಾಯಿಲೆಯ ಅಗತ್ಯ, ಮಾರುಕಟ್ಟೆಯ ಬೇಡಿಕೆ, ಸೇವೆಯ ಗುರಿ ಎಂಬ ನಾಲ್ಕು ದಾರಿಗಳನ್ನು ಹಾಲ್ ಮತ್ತು ಮೆಹಿಯಾ ಎಂಬ ಯೋಜನಾ ತಜ್ಞರು 1978ರಷ್ಟು ಹಿಂದೆಯೇ ಬಿಡಿಸಿ ಹೇಳಿದ್ದರು. ನಾಲ್ಕರಲ್ಲಿ ಅನುಪಾತದ ದಾರಿ ಎಲ್ಲಕ್ಕಿಂತ ಸುಲಭ. ಸುಲಭ ಎಂಬ ಕಾರಣಕ್ಕೇ ಅದು ಇಷ್ಟು ಕಾಲ ಉಳಿದಿದೆ ಎಂದು ನನ್ನ ಅಭಿಪ್ರಾಯ.

ನೀವು ಹುಡುಕುತ್ತಿರುವುದು ಕೆಲಸದ ಹೊರೆಯಿಂದ ಸಿಬ್ಬಂದಿಯ ಅಗತ್ಯವನ್ನು ಕಂಡುಹಿಡಿಯುವ ವಿಧಾನ. ಇದನ್ನು ವಿಸ್ನ್ ಎಂಬ ಚಿಕ್ಕ ಹೆಸರಿನಿಂದ ಕರೆಯುತ್ತಾರೆ. ಪೀಟರ್ ಶಿಪ್ ಅವರು ಇದರ ಕೈಪಿಡಿಯನ್ನು 1998ರಲ್ಲಿ ಬರೆದರು, 2010ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಪರಿಷ್ಕರಿಸಿತು. ಒಬ್ಬ ವ್ಯಕ್ತಿಗೆ ವರ್ಷದಲ್ಲಿ ನಿಜವಾಗಿ ಎಷ್ಟು ಗಂಟೆ ಕೆಲಸ ಮಾಡಲು ಸಿಗುತ್ತದೆ, ಒಂದೊಂದು ಕೆಲಸವನ್ನು ಸರಿಯಾಗಿ ಮಾಡಲು ಎಷ್ಟು ಹೊತ್ತು ಬೇಕು, ವರ್ಷದಲ್ಲಿ ಅಂಥ ಕೆಲಸ ಎಷ್ಟು ಬಾರಿ ಬರುತ್ತದೆ ಎಂಬ ಮೂರು ಸಂಗತಿಗಳ ಮೇಲೆ ಅದು ನಿಂತಿದೆ.

ಒಂದು ಉದಾಹರಣೆಯನ್ನು ಕೈಯಾರೆ ಮಾಡಿ ತೋರಿಸುತ್ತೇನೆ. ಅಂಕಿಗಳು ವಿವರಣೆಗಾಗಿ ನಾನೇ ಇಟ್ಟುಕೊಂಡವು. ವಾರಕ್ಕೆ 6 ದಿನದಂತೆ ವರ್ಷಕ್ಕೆ 312 ದಿನ. ಅದರಲ್ಲಿ ಹಬ್ಬದ ರಜೆ, ಸ್ವಂತ ರಜೆ, ತರಬೇತಿ ಎಂದು 72 ದಿನ ಕಳೆದರೆ 240 ದಿನ, ದಿನಕ್ಕೆ 7 ಗಂಟೆಯಂತೆ 1,680 ಗಂಟೆ. ಒಂದು ಉಪಕೇಂದ್ರದ ಆರೋಗ್ಯ ಸಹಾಯಕಿಗೆ ವರ್ಷದಲ್ಲಿ 1,200 ಮನೆ ಭೇಟಿಗಳು ಇವೆ ಎಂದುಕೊಳ್ಳಿ. ಚನ್ನರಾಯಪಟ್ಟಣದ ಬಯಲಿನಲ್ಲಿ ಮನೆಗಳು ಒತ್ತೊತ್ತಾಗಿರುವುದರಿಂದ ಒಂದು ಭೇಟಿಗೆ ಅರ್ಧ ಗಂಟೆ ಸಾಕು, ಒಟ್ಟು 600 ಗಂಟೆ. ಮೂಡಿಗೆರೆಯ ತೋಟಗಳ ನಡುವೆ ಒಂದು ಭೇಟಿಗೆ ಒಂದೂವರೆ ಗಂಟೆ ಹಿಡಿದರೆ 1,800 ಗಂಟೆ. ಲಸಿಕೆ, ಗರ್ಭಿಣಿಯರ ತಪಾಸಣೆ, ಸಮೀಕ್ಷೆ ಮುಂತಾದ ಇತರ ಸೇವೆಗೆ ಎರಡೂ ಕಡೆ 720 ಗಂಟೆ ಎಂದಿಡೋಣ. ಬಯಲಿನಲ್ಲಿ 1,320 ಗಂಟೆ, ಮಲೆನಾಡಿನಲ್ಲಿ 2,520 ಗಂಟೆ ಆಯಿತು. ಇದನ್ನು 1,680ರಿಂದ ಭಾಗಿಸಬೇಕು. ಆಮೇಲೆ ದಾಖಲೆ ಬರೆಯುವುದು, ಸಭೆ, ವರದಿ ಇವುಗಳಿಗೆ ದಿನದ 7 ಗಂಟೆಯಲ್ಲಿ 2 ಗಂಟೆ ಹೋಗುವುದಾದರೆ, ಉಳಿದ 5 ಗಂಟೆಯಲ್ಲೇ ಸೇವೆ ನಡೆಯಬೇಕಾದ ಕಾರಣ, ಬಂದ ಉತ್ತರವನ್ನು 1.4ರಿಂದ ಗುಣಿಸಬೇಕು. ಕೊನೆಗೆ ಬಯಲಿಗೆ 1.1 ಸಹಾಯಕಿಯರು, ಮಲೆನಾಡಿಗೆ 2.1 ಸಹಾಯಕಿಯರು ಬೇಕು ಎಂದಾಗುತ್ತದೆ. ಈಗ ಒಬ್ಬೊಬ್ಬರೇ ಇದ್ದಾರೆ ಎಂದಾದರೆ, ಇರುವವರನ್ನು ಬೇಕಾದವರಿಂದ ಭಾಗಿಸಿದ ಅನುಪಾತ ಬಯಲಿನಲ್ಲಿ 0.91, ಮಲೆನಾಡಿನಲ್ಲಿ 0.48. ಜನಸಂಖ್ಯೆ ಎರಡೂ ಕಡೆ ಒಂದೇ.

ನಿಮಗೆ ಅನಿಸುತ್ತಿದ್ದದ್ದು ವಿಧಾನದ ಭಾಷೆಯಲ್ಲಿ ಹೀಗೆ ಕಾಣುತ್ತದೆ. ಆ ಒಂದೂವರೆ ಗಂಟೆ ನಿಜವೇ ಎಂಬುದನ್ನು ಮಾತ್ರ ನೀವು ಹೋಗಿ ಅಳೆಯಬೇಕು. ಅದನ್ನು ನನ್ನಂಥವರು ಕೋಣೆಯಲ್ಲಿ ಕುಳಿತು ಊಹಿಸಬಾರದು.

ಉತ್ತರ: ನಿವೃತ್ತ ಆರೋಗ್ಯ ಸಹಾಯಕಿ, ಕೊಪ್ಪ ಸೀಮೆ

ಮಗಳೇ, ನಿನ್ನ ಪ್ರಶ್ನೆ ಓದಿ ಬಹಳ ಸಂತೋಷವಾಯಿತು. ಮೇಲಿನ ಸರ್ ಬರೆದ ಲೆಕ್ಕವನ್ನು ಎರಡು ಸಲ ಓದಿದೆ. ನಾನು 33 ವರ್ಷ ಉಪಕೇಂದ್ರಗಳಲ್ಲಿ ಕೆಲಸ ಮಾಡಿದವಳು. ಅದರಲ್ಲಿ ಬಹುಪಾಲು ಮಲೆನಾಡಿನಲ್ಲೇ. ಒಂದೂವರೆ ಗಂಟೆ ನಿಜವೇ ಎಂದು ಸರ್ ಕೇಳಿರುವುದರಿಂದ ಒಂದು ದಿನದ ಕೆಲಸವನ್ನು ಇದ್ದಂತೆಯೇ ಹೇಳುತ್ತೇನೆ.

ಜುಲೈ ತಿಂಗಳ ಒಂದು ಗುರುವಾರ. ತೋಟದ ಕೆಲಸಗಾರರ ಲೈನ್ ಮನೆಗಳಲ್ಲಿ ಲಸಿಕೆ ಇತ್ತು, ಅಲ್ಲಿಂದ ಮುಂದೆ ಒಂದು ಬಾಣಂತಿಯನ್ನೂ ನೋಡಬೇಕಿತ್ತು. ಬೆಳಿಗ್ಗೆ 8 ಗಂಟೆಗೆ ಲಸಿಕೆ ಡಬ್ಬಿಯನ್ನು ತೆಗೆದುಕೊಂಡು, ಅದರ ನಾಲ್ಕು ಗೋಡೆಗೂ ಒಂದೊಂದು ಐಸ್ ಪ್ಯಾಕ್ ಇದೆಯೇ ಎಂದು ನೋಡಿ, ಬಸ್ಸಿಗೆ ನಿಂತೆ. ಬಸ್ಸು ಕ್ರಾಸಿನಲ್ಲಿ ಇಳಿಸಿತು. ಅಲ್ಲಿಂದ ತೋಟದ ಗೇಟಿನವರೆಗೆ ಮುಕ್ಕಾಲು ಗಂಟೆ ನಡಿಗೆ. ಒಂದು ಕೈಯಲ್ಲಿ ಕೊಡೆ, ಹೆಗಲಿಗೆ ಡಬ್ಬಿ, ಚೀಲದಲ್ಲಿ ಮಗು ತೂಗುವ ತಕ್ಕಡಿ ಮತ್ತು ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ರಿಜಿಸ್ಟರ್. ಗೇಟಿನಲ್ಲಿ ತೋಟದ ಲೆಕ್ಕ ಬರೆಯುವ ರೈಟರ್ ಬರುವವರೆಗೆ ಕಾಯಬೇಕಾಯಿತು. ಲೈನಿನಲ್ಲಿ ಏಳು ಮಕ್ಕಳಿಗೆ ಲಸಿಕೆ ಆಗಬೇಕಿತ್ತು, ನಾಲ್ವರ ತಾಯಂದಿರು ಕೆಲಸಕ್ಕೆ ಹೋಗಿದ್ದರು. ಅವರನ್ನು ತೋಟದಿಂದ ಕರೆಸಿ, ಲಸಿಕೆ ಹಾಕಿ, ಅರ್ಧ ಗಂಟೆ ಮಕ್ಕಳನ್ನು ನೋಡಿಕೊಂಡು ಕುಳಿತೆ. ಆಮೇಲೆ ಬಾಣಂತಿಯ ಮನೆಗೆ ಹೊರಟರೆ ಹಳ್ಳದ ಕಾಲುಸಂಕದ ಮೇಲೆ ನೀರು ಬಂದಿತ್ತು. ಸುತ್ತು ಬಳಸಿ ಹೋಗಿ ಸೇರಿದಾಗ ಮಧ್ಯಾಹ್ನ ಎರಡೂವರೆ. ತಾಯಿಗೆ ಜ್ವರವಿತ್ತು, ಎದೆ ಗಟ್ಟಿಯಾಗಿತ್ತು, ಮಗು ಸರಿಯಾಗಿ ಹಾಲು ಕುಡಿಯುತ್ತಿರಲಿಲ್ಲ. ಮಗುವನ್ನು ತೂಗಿದೆ, ಹಾಲು ಕುಡಿಸುವ ರೀತಿಯನ್ನು ಕೂರಿಸಿ ತೋರಿಸಿದೆ, ಅವಳ ಅತ್ತೆಗೂ ಹೇಳಿದೆ, ಆಸ್ಪತ್ರೆಗೆ ಕರೆದುಕೊಂಡು ಹೋಗಲು ಜೀಪು ಗೊತ್ತು ಮಾಡಿಸಿದೆ. ಉಪಕೇಂದ್ರಕ್ಕೆ ಹಿಂತಿರುಗಿದ್ದು ಸಂಜೆ ಆರು ಗಂಟೆಗೆ. ಆ ದಿನದ ನನ್ನ ವರದಿಯಲ್ಲಿ ಇದ್ದದ್ದು ಇಷ್ಟೇ: ಲಸಿಕೆ 7, ಬಾಣಂತಿ ಭೇಟಿ 1.

ಆ ಒಂದು ಭೇಟಿ ನಡೆಯದೆ ಹೋಗಿದ್ದರೆ ಏನಾಗುತ್ತಿತ್ತು ಎಂದು ನಾನು ಇವತ್ತಿಗೂ ಯೋಚಿಸುತ್ತೇನೆ. ಆದ್ದರಿಂದ ಒಂದೂವರೆ ಗಂಟೆ ಎಂಬುದು ಬೇಸಿಗೆಗೆ ಸರಿ, ಮಳೆಗಾಲಕ್ಕೆ ಕಡಿಮೆ.

ನಿನ್ನ ಲೆಕ್ಕದಲ್ಲಿ ಬಿಟ್ಟುಹೋಗಬಾರದ ಕೆಲವು ಸಂಗತಿಗಳಿವೆ. ಕಾಫಿ ಕೊಯ್ಲಿನ ಕಾಲದಲ್ಲಿ, ಅಂದರೆ ನವೆಂಬರಿನಿಂದ ಮಾರ್ಚಿಯವರೆಗೆ, ಉತ್ತರ ಕರ್ನಾಟಕದಿಂದ, ತಮಿಳುನಾಡಿನಿಂದ, ಈಗೀಗ ಅಸ್ಸಾಮಿನಿಂದಲೂ ಕೆಲಸಗಾರರು ಕುಟುಂಬ ಸಮೇತ ಬರುತ್ತಾರೆ. ಜನಗಣತಿಯಲ್ಲಿ ಅವರು ಇಲ್ಲಿಯವರಲ್ಲ, ಆದರೆ ಅವರ ಮಕ್ಕಳಿಗೆ ಲಸಿಕೆ ಹಾಕುವವರು ನಾವೇ. ಹೆರಿಗೆಗೆ ಹೆಣ್ಣುಮಕ್ಕಳು ತವರಿಗೆ ಬರುತ್ತಾರೆ. ಗರ್ಭಿಣಿಯ ನೋಂದಣಿ ಗಂಡನ ಊರಿನಲ್ಲಿ, ಬಾಣಂತನ ನಮ್ಮಲ್ಲಿ. ಹೆರಿಗೆ ಆಸ್ಪತ್ರೆಯಲ್ಲೇ ಆದರೂ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಮನೆಗೆ ಹೋಗಬೇಕು. ಅವಳಿಗೆ ಸಂಬಳವಿಲ್ಲ, ಗೌರವಧನ ಮತ್ತು ಪ್ರೋತ್ಸಾಹಧನ ಮಾತ್ರ, ಆದರೆ ಅವಳಿಲ್ಲದಿದ್ದರೆ ನನ್ನ ಅರ್ಧ ಕೆಲಸ ನಿಲ್ಲುತ್ತಿತ್ತು. ಇನ್ನು ಮಂಗನ ಕಾಯಿಲೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನ ಕಡೆ ಕಂಡ ಆ ಜ್ವರ ನಮ್ಮ ಕಡೆಗೂ ಬಂದು ಬಹಳ ಕಾಲವಾಯಿತು. ಚಳಿಗಾಲ ಶುರುವಾದರೆ ಬೇಸಿಗೆ ಮುಗಿಯುವವರೆಗೆ ಕಾಡಿನಲ್ಲಿ ಮಂಗ ಸತ್ತಿದೆಯೇ ಎಂದು ವಿಚಾರಿಸುವುದು, ಉಣುಗು ಕಚ್ಚದಂತೆ ಹಚ್ಚಿಕೊಳ್ಳುವ ಎಣ್ಣೆಯನ್ನು ಮನೆಮನೆಗೆ ಕೊಡುವುದು, ಜ್ವರ ಬಂದವರ ರಕ್ತದ ಮಾದರಿ ಕಳುಹಿಸುವುದು, ಇದೆಲ್ಲವೂ ಇದೇ ಸಹಾಯಕಿಯ ಕೆಲಸ. ಬಯಲಿನ ನನ್ನ ಗೆಳತಿಯರಿಗೆ ಇದು ಇರಲಿಲ್ಲ.

ಒಂದು ಮಾತನ್ನು ಸರ್ ಅವರಲ್ಲಿ ಕೇಳಬೇಕಿದೆ. ಕೆಲಸ ಎಷ್ಟು ಬಾರಿ ಆಗಿದೆ ಎಂಬುದನ್ನು ರಿಜಿಸ್ಟರಿನಿಂದ ತೆಗೆದುಕೊಂಡರೆ, ಸಹಾಯಕಿಯೇ ಇಲ್ಲದ ಉಪಕೇಂದ್ರದಲ್ಲಿ ರಿಜಿಸ್ಟರ್ ಖಾಲಿ ಇರುತ್ತದೆ. ಜನ ಬೇಸತ್ತು ದುಡ್ಡು ಕೊಟ್ಟು ಬೇರೆ ಕಡೆ ಹೋಗಿರುತ್ತಾರೆ. ಹಾಗಾದರೆ ನಿಮ್ಮ ಲೆಕ್ಕ ಅಲ್ಲಿ ಕೆಲಸವೇ ಇಲ್ಲ ಎಂದು ಹೇಳುವುದಿಲ್ಲವೇ?

ಉತ್ತರ: ಗಿರಿಸಾಲು, ಚಿಕ್ಕಮಗಳೂರು

ಅಮ್ಮ, ಈ ವಿಧಾನದ ಅತಿ ದೊಡ್ಡ ದೌರ್ಬಲ್ಯವನ್ನು ನೀವು ಒಂದೇ ಪ್ರಶ್ನೆಯಲ್ಲಿ ಹಿಡಿದಿದ್ದೀರಿ. ಹೌದು, ನಡೆದ ಸೇವೆಯನ್ನಷ್ಟೇ ಎಣಿಸಿದರೆ, ಸೇವೆ ಸಿಗದೆ ಸೋತ ಊರು ಅಗತ್ಯವೇ ಇಲ್ಲದ ಊರಿನಂತೆ ಕಾಣುತ್ತದೆ. ಇದಕ್ಕೆ ಪರಿಹಾರವೆಂದರೆ ಎಣಿಕೆಯನ್ನು ರಿಜಿಸ್ಟರಿನಿಂದ ತೆಗೆದುಕೊಳ್ಳದೆ, ಆ ಊರಿನಲ್ಲಿ ಎಷ್ಟು ಗರ್ಭಿಣಿಯರು, ಎಷ್ಟು ಶಿಶುಗಳು, 30 ವರ್ಷ ದಾಟಿದವರಲ್ಲಿ ರಕ್ತದೊತ್ತಡ, ಸಕ್ಕರೆ ಇರುವವರು ಎಷ್ಟು ಮಂದಿ ಇರಬೇಕು ಎಂಬುದರಿಂದ ಪ್ರಾರಂಭಿಸುವುದು. ಅವರಿಗೆ ನಿಯಮದ ಪ್ರಕಾರ ಎಷ್ಟು ಭೇಟಿ ಸಲ್ಲಬೇಕೋ ಅಷ್ಟನ್ನು ಕೆಲಸವೆಂದು ಹಿಡಿಯುವುದು. ಗಂಟೆಯ ಅಳತೆಯನ್ನು ವಿಸ್ನ್ ವಿಧಾನದಿಂದ ತೆಗೆದುಕೊಳ್ಳಿ, ಎಣಿಕೆಯನ್ನು ಅಗತ್ಯದಿಂದ ತೆಗೆದುಕೊಳ್ಳಿ. ಎರಡು ಲೆಕ್ಕಗಳ ನಡುವಿನ ಅಂತರವೇ ನಿಮ್ಮ ಪ್ರಬಂಧದ ಮುಖ್ಯ ಫಲಿತಾಂಶವಾಗಬಹುದು.

ಜಾಗತಿಕ ಅಂದಾಜುಗಳೂ ಇದೇ ಕಾರಣಕ್ಕೆ ಒಂದಕ್ಕೊಂದು ಹೊಂದುವುದಿಲ್ಲ. 2030ಕ್ಕೆ ಜಗತ್ತಿನಲ್ಲಿ 1.8 ಕೋಟಿ ಆರೋಗ್ಯ ಸಿಬ್ಬಂದಿಯ ಕೊರತೆಯಾಗುತ್ತದೆ ಎಂದು 2016ರಲ್ಲಿ ಹೇಳಿದ್ದು ಜನರ ಅಗತ್ಯದ ಲೆಕ್ಕ. ಅದೇ 2030ಕ್ಕೆ 8 ಕೋಟಿ ಸಿಬ್ಬಂದಿಗೆ ಬೇಡಿಕೆ, 6.5 ಕೋಟಿ ಪೂರೈಕೆ, ಆದ್ದರಿಂದ 1.5 ಕೋಟಿ ಕೊರತೆ ಎಂದು 2017ರ ಇನ್ನೊಂದು ಅಧ್ಯಯನ ಹೇಳಿದ್ದು ಸರ್ಕಾರಗಳೂ ಜನರೂ ಹಣ ಕೊಟ್ಟು ಪಡೆಯಬಲ್ಲ ಸೇವೆಯ ಲೆಕ್ಕ. ಅಗತ್ಯ ಮತ್ತು ಬೇಡಿಕೆ ಒಂದೇ ಅಲ್ಲ. ಊರಿನ ಉಪಕೇಂದ್ರ ಖಾಲಿ ಇರುವಾಗಲೇ ಅದೇ ಊರಿನ ನರ್ಸಿಂಗ್ ಓದಿದ ಹುಡುಗಿ ಕೆಲಸ ಹುಡುಕಿಕೊಂಡು ಬೆಂಗಳೂರಿಗೋ ಕೊಲ್ಲಿ ದೇಶಗಳಿಗೋ ಹೊರಡುವುದು ಈ ಎರಡರ ನಡುವಿನ ಬಿರುಕಿನಲ್ಲಿ. ಅಗತ್ಯವಿದೆ, ಸಂಬಳ ಕೊಡುವ ಹುದ್ದೆ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಈಚಿನ ಅಂದಾಜಿನಲ್ಲಿ 2030ರ ಕೊರತೆ 1.1 ಕೋಟಿಗೆ ಇಳಿದಿದೆ.

ಉತ್ತರ: ನಿವೃತ್ತ ಪ್ರಥಮ ದರ್ಜೆ ಸಹಾಯಕ, ಚನ್ನರಾಯಪಟ್ಟಣ

ನಾನು ಆರೋಗ್ಯ ಇಲಾಖೆಯ ಸಿಬ್ಬಂದಿ ಶಾಖೆಯಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಗಿರಿಸಾಲು ಅವರ ಲೆಕ್ಕದಲ್ಲಿ ಒಂದು ಸಂಗತಿಯನ್ನು ತಿದ್ದಬೇಕೆನಿಸುತ್ತದೆ. ಎರಡೂ ಕಡೆ 1,200 ಭೇಟಿ ಎಂದು ಅವರು ಹಿಡಿದಿದ್ದಾರೆ. ಆದರೆ ಸರ್ಕಾರದ ನಿಯಮದಲ್ಲಿ ಉಪಕೇಂದ್ರಕ್ಕೆ ಬಯಲಿನಲ್ಲಿ 5,000, ಗುಡ್ಡಗಾಡಿನಲ್ಲಿ 3,000 ಜನ. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬಯಲಿನಲ್ಲಿ 30,000, ಗುಡ್ಡಗಾಡಿನಲ್ಲಿ 20,000 ಜನ ಎಂಬ ವ್ಯತ್ಯಾಸ ಮೊದಲಿನಿಂದಲೂ ಇದೆ. ಅದನ್ನು ಅನ್ವಯಿಸಿದರೆ ಮಲೆನಾಡಿನ ಉಪಕೇಂದ್ರಕ್ಕೆ 720 ಭೇಟಿ, ಒಂದೂವರೆ ಗಂಟೆಯಂತೆ 1,080 ಗಂಟೆ; ಇತರ ಸೇವೆಯೂ ಅದೇ ಪ್ರಮಾಣದಲ್ಲಿ ಇಳಿದು 432 ಗಂಟೆ. ಒಟ್ಟು 1,512 ಗಂಟೆಯನ್ನು ಅವರದೇ ಸೂತ್ರದಲ್ಲಿ ಹಾಕಿದರೆ 1.26 ಬರುತ್ತದೆ. ಬಯಲಿನ 1.1ಕ್ಕೂ ಇದಕ್ಕೂ ಹೆಚ್ಚು ದೂರವಿಲ್ಲ. ನಿಯಮ ಬರೆದವರಿಗೆ ಗುಡ್ಡದ ಅರಿವಿತ್ತು.

ಹಾಗಿದ್ದೂ ಅಮ್ಮ ಹೇಳಿದ ಕಷ್ಟ ಏಕೆ ಬರುತ್ತದೆ? ಉತ್ತರ ಪ್ರಭಾರ ಎಂಬ ಒಂದೇ ಪದದಲ್ಲಿದೆ. ಪಕ್ಕದ ಉಪಕೇಂದ್ರದ ಹುದ್ದೆ ಖಾಲಿಯಾದ ತಕ್ಷಣ ಇರುವ ಸಹಾಯಕಿಗೆ ಅದರ ಪ್ರಭಾರ ವಹಿಸಿ ಆದೇಶವಾಗುತ್ತದೆ. ಆಗ 1.26ರ ಎರಡರಷ್ಟು, ಅಂದರೆ 2.52 ಮಂದಿಯ ಕೆಲಸ ಒಬ್ಬರ ಮೇಲೆ ಬಿದ್ದು ಅನುಪಾತ 0.40ಕ್ಕೆ ಇಳಿಯುತ್ತದೆ. ತಾತ್ಕಾಲಿಕ ಎಂದು ಬರೆದ ಅಂಥ ಆದೇಶಗಳು ವರ್ಷಗಟ್ಟಲೆ ಮುಂದುವರಿದದ್ದನ್ನು ನಾನೇ ಟಿಪ್ಪಣಿ ಬರೆದು ಕಡತದಲ್ಲಿ ಇಟ್ಟಿದ್ದೇನೆ. ಅದರ ಬಗ್ಗೆ ನನಗೆ ಇಂದಿಗೂ ನೋವಿದೆ.

ಎರಡನೆಯದು ನಿಯೋಜನೆ. ಹುದ್ದೆ ಮಲೆನಾಡಿನ ಆಸ್ಪತ್ರೆಯಲ್ಲಿ, ಸಂಬಳವೂ ಅಲ್ಲಿಂದಲೇ, ಕೆಲಸ ಮಾತ್ರ ಪಟ್ಟಣದಲ್ಲಿ. ಪಟ್ಟಿಯಲ್ಲಿ ಆ ಹುದ್ದೆ ಭರ್ತಿಯಾಗಿದೆ ಎಂದೇ ಇರುತ್ತದೆ. ಆದ್ದರಿಂದ ತಂಗಿ, ಮಂಜೂರಾದ ಹುದ್ದೆ ಎಷ್ಟು, ಭರ್ತಿ ಎಷ್ಟು ಎಂಬ ತಖ್ತೆಯನ್ನು ಮಾತ್ರ ಪಡೆದು ತೃಪ್ತರಾಗಬೇಡಿ. ಸಂಬಳದ ಬಿಲ್ಲು, ನಿಯೋಜನೆಯ ಆದೇಶಗಳು, ಹಾಜರಾತಿ ಈ ಮೂರನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಒಂದು ಕೇಂದ್ರದಲ್ಲಿ ಬೆಳಿಗ್ಗೆ 9 ಗಂಟೆಗೆ ನಿಜವಾಗಿ ಎಷ್ಟು ಜನ ಇರುತ್ತಾರೆ ಎಂದು ತಿಳಿಯುತ್ತದೆ. ರಾಷ್ಟ್ರೀಯ ಆರೋಗ್ಯ ಅಭಿಯಾನದ ಗುತ್ತಿಗೆ ನೌಕರರು, ಹೊರಗುತ್ತಿಗೆಯವರು ಕಾಯಂ ಹುದ್ದೆಗಳ ತಖ್ತೆಯಲ್ಲಿ ಬರುವುದಿಲ್ಲ. ಅವರ ಪಟ್ಟಿ ಬೇರೆ ಕಡೆ ಇರುತ್ತದೆ, ಅದನ್ನೂ ಕೇಳಿ ಪಡೆಯಿರಿ. ಮಾಹಿತಿ ಹಕ್ಕಿನ ಅರ್ಜಿಯಲ್ಲಿ ವೈಯಕ್ತಿಕ ಹೆಸರು ಬೇಡ, ಹುದ್ದೆವಾರು ಸಂಖ್ಯೆ ಸಾಕು ಎಂದು ಸ್ಪಷ್ಟವಾಗಿ ಬರೆದರೆ ಆಕ್ಷೇಪಣೆಗೆ ಅವಕಾಶ ಕಡಿಮೆ.

ಮುಂದಿನ ಹತ್ತು ವರ್ಷಗಳ ಅಂದಾಜಿಗೆ ಇನ್ನೊಂದು ನಂಬಲರ್ಹವಾದ ಆಧಾರವಿದೆ. ರಾಜ್ಯ ಸರ್ಕಾರಿ ನೌಕರರ ನಿವೃತ್ತಿ ವಯಸ್ಸು 60. ಈಗಿರುವ ಕಾಯಂ ಸಿಬ್ಬಂದಿಯ ಹುಟ್ಟಿದ ವರ್ಷಗಳ ಪಟ್ಟಿ ಸಿಕ್ಕಿದರೆ ಯಾವ ವರ್ಷ ಯಾವ ತಾಲ್ಲೂಕಿನಲ್ಲಿ ಎಷ್ಟು ಹುದ್ದೆ ಖಾಲಿಯಾಗುತ್ತದೆ ಎಂಬುದನ್ನು ಊಹೆಯ ಅಗತ್ಯವಿಲ್ಲದೆ ಬರೆಯಬಹುದು. ನೇಮಕಾತಿಗೆ ಪ್ರಸ್ತಾವನೆ ಹೊರಟು ಆದೇಶ ಕೈಸೇರುವಷ್ಟರಲ್ಲಿ ವರ್ಷಗಳೇ ಕಳೆಯುವುದರಿಂದ, ಈ ಒಂದು ತಖ್ತೆ ಮೊದಲೇ ಸಿದ್ಧವಿದ್ದರೆ ಎಷ್ಟೋ ಪ್ರಭಾರಗಳು ತಪ್ಪುತ್ತಿದ್ದವು.

ಉತ್ತರ: ಗಿರಿಸಾಲು, ಚಿಕ್ಕಮಗಳೂರು

ತಿದ್ದುಪಡಿಯನ್ನು ಮನಸಾರೆ ಒಪ್ಪುತ್ತೇನೆ. ನನ್ನ ಉದಾಹರಣೆಯಲ್ಲಿ ನಿಯಮದ ವ್ಯತ್ಯಾಸವನ್ನು ಬಿಟ್ಟದ್ದು ತಪ್ಪು. ನೀವು ತೋರಿಸಿದ ಸಂಗತಿ ಬೇರೆ ದೇಶದ ಅನುಭವಕ್ಕೂ ಹೊಂದುತ್ತದೆ. ನಮೀಬಿಯಾ ದೇಶದಲ್ಲಿ ಸರ್ಕಾರಿ ಆರೋಗ್ಯ ಕೇಂದ್ರಗಳಿಗೆ ಇದೇ ವಿಸ್ನ್ ವಿಧಾನವನ್ನು ಬಳಸಿದಾಗ, ವೈದ್ಯರ ಮತ್ತು ಔಷಧ ತಜ್ಞರ ಕೊರತೆ ನಿಜವಾಗಿಯೂ ಇದೆ, ಆದರೆ ಶುಶ್ರೂಷಕಿಯರ ವಿಷಯದಲ್ಲಿ ಒಟ್ಟು ಸಂಖ್ಯೆಗಿಂತ ಹಂಚಿಕೆಯೇ ದೊಡ್ಡ ಸಮಸ್ಯೆ ಎಂದು ಕಂಡುಬಂತು. ದೇಶದ ಸರಾಸರಿ ಅದನ್ನು ಮುಚ್ಚಿಟ್ಟಿತ್ತು. ಹೊಸ ಹುದ್ದೆ ಕೇಳುವುದಕ್ಕೂ ಇರುವ ಹುದ್ದೆಯಲ್ಲಿ ಜನರನ್ನು ಉಳಿಸುವುದಕ್ಕೂ ಬೇಕಾದ ಕ್ರಮಗಳು ಬೇರೆಬೇರೆ. ಆದ್ದರಿಂದ ಪ್ರಬಂಧದಲ್ಲಿ ನಿಯಮದ ಪ್ರಕಾರ ಕೊರತೆ ಎಷ್ಟು, ಪ್ರಭಾರ ಮತ್ತು ನಿಯೋಜನೆಯಿಂದ ಉಂಟಾದ ಕೊರತೆ ಎಷ್ಟು ಎಂದು ಬೇರ್ಪಡಿಸಿ ತೋರಿಸುವುದು ಅಗತ್ಯ.

ಜನರನ್ನು ಉಳಿಸಿಕೊಳ್ಳುವ ವಿಷಯಕ್ಕೆ ಬಂದರೆ, ಕರ್ನಾಟಕದಲ್ಲಿ ವೈದ್ಯಕೀಯ ಪದವೀಧರರ ಕಡ್ಡಾಯ ಸೇವೆಗೆ 2012ರ ಕಾಯ್ದೆ ಇದೆ. ಕಡ್ಡಾಯದಿಂದ ಒಂದು ವರ್ಷದ ಮಟ್ಟಿಗೆ ವೈದ್ಯರು ಬರುತ್ತಾರೆ, ಮರುವರ್ಷ ಇನ್ನೊಬ್ಬರು. ಶೃಂಗೇರಿಯ ಕಡೆಯ ಹಿರಿಯರು ಪ್ರತಿ ವರ್ಷ ಹೊಸ ವೈದ್ಯರಿಗೆ ತಮ್ಮ ಕಾಯಿಲೆಯ ಕಥೆಯನ್ನು ಮೊದಲಿನಿಂದ ಹೇಳಬೇಕಾಗುತ್ತದೆ. ಗ್ರಾಮೀಣ ಹಿನ್ನೆಲೆಯ ವಿದ್ಯಾರ್ಥಿಗಳಿಗೆ ಪ್ರವೇಶ ಕೊಡುವುದು, ಹಳ್ಳಿಯ ಆಸ್ಪತ್ರೆಗಳಲ್ಲಿಯೇ ತರಬೇತಿ ನೀಡುವುದು, ವಾಸಕ್ಕೆ ಮನೆ ಒದಗಿಸುವುದು ಮುಂತಾದವುಗಳನ್ನು ವಿಶ್ವ ಆರೋಗ್ಯ ಸಂಸ್ಥೆಯ 2010ರ ಮಾರ್ಗಸೂಚಿ ಶಿಫಾರಸು ಮಾಡಿದೆ, 2021ರಲ್ಲಿ ಅದನ್ನು ಪರಿಷ್ಕರಿಸಿಯೂ ಇದೆ. ಹಾಸನದಲ್ಲಿ 2006ರಿಂದ ಸರ್ಕಾರಿ ವೈದ್ಯಕೀಯ ಕಾಲೇಜು ಇದೆ, ಈಗ ಚಿಕ್ಕಮಗಳೂರಿನಲ್ಲೂ ಇದೆ. ಅಲ್ಲಿ ಓದಿದವರಲ್ಲಿ ಎಷ್ಟು ಮಂದಿ ಈ ಎರಡು ಜಿಲ್ಲೆಗಳಲ್ಲಿ ಉಳಿದರು ಎಂಬುದನ್ನು ಯಾರಾದರೂ ಶ್ರದ್ಧೆಯಿಂದ ಹುಡುಕಬೇಕು. ಅದು ಸ್ವತಂತ್ರವಾದ ಇನ್ನೊಂದು ಪ್ರಬಂಧ. ಈಗಲೇ ಎರಡನ್ನೂ ಹೊತ್ತುಕೊಳ್ಳಬೇಡಿ.

ಪ್ರಶ್ನೆ ಕೇಳಿದವರು: ಹೇಮಾವತಿ ದಂಡೆ, ಸಕಲೇಶಪುರ

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಇದೆಲ್ಲವನ್ನೂ ಓದಿದ ಮೇಲೆ ನಾಲ್ಕು ತಾಲ್ಲೂಕುಗಳನ್ನು ಆರಿಸಿಕೊಳ್ಳಬೇಕೆಂದಿದ್ದೇನೆ: ಬಯಲಿಗೆ ಚನ್ನರಾಯಪಟ್ಟಣ ಮತ್ತು ಕಡೂರು, ಮಲೆನಾಡಿಗೆ ಸಕಲೇಶಪುರ ಮತ್ತು ಕೊಪ್ಪ. ಪ್ರತಿ ತಾಲ್ಲೂಕಿನಲ್ಲಿ ಕೆಲವು ಉಪಕೇಂದ್ರಗಳ ಸಹಾಯಕಿಯರ ಜೊತೆ ಅವರ ಒಪ್ಪಿಗೆ ಪಡೆದು ಇಡೀ ದಿನ ನಡೆದು, ಪ್ರತಿ ಕೆಲಸದ ಹೊತ್ತನ್ನು ಬರೆದುಕೊಳ್ಳುತ್ತೇನೆ. ದಾರಿಯ ಹೊತ್ತನ್ನು ಭೇಟಿಯ ಹೊತ್ತಿನಿಂದ ಬೇರೆಯಾಗಿಯೇ ಬರೆಯುತ್ತೇನೆ. ಆಶಾ ಕಾರ್ಯಕರ್ತೆಯರ ಕೆಲಸದ ಗಂಟೆಗಳಿಗೂ ಒಂದು ಕಾಲಂ ಇರುತ್ತದೆ. ಸಮಯ ಮತ್ತು ಹಣ ಎರಡೂ ಮಿತವಾಗಿರುವುದರಿಂದ ವರ್ಷವಿಡೀ ಅಳೆಯಲು ಆಗುವುದಿಲ್ಲ. ಅಮ್ಮ, ಎರಡು ಅವಧಿಗಳನ್ನು ಮಾತ್ರ ಆರಿಸಿಕೊಳ್ಳಬೇಕಾದರೆ ಯಾವ ತಿಂಗಳುಗಳು ಸೂಕ್ತ?

ಉತ್ತರ: ನಿವೃತ್ತ ಆರೋಗ್ಯ ಸಹಾಯಕಿ, ಕೊಪ್ಪ ಸೀಮೆ

ಜುಲೈ ಮತ್ತು ಜನವರಿ. ಜುಲೈಯಲ್ಲಿ ದಾರಿಯ ಹೊತ್ತು ಸಿಗುತ್ತದೆ. ಜನವರಿಯಲ್ಲಿ ಕೊಯ್ಲಿನವರು, ಮಂಗನ ಕಾಯಿಲೆಯ ಕೆಲಸ, ಎರಡೂ ಸಿಗುತ್ತವೆ. ಸಂಜೆ ಸಹಾಯಕಿ ಮನೆಗೆ ಹೋದ ಮೇಲೂ ರಾತ್ರಿ ಮೊಬೈಲಿನಲ್ಲಿ ಮಾಹಿತಿ ತುಂಬುತ್ತಾ ಕೂರುತ್ತಾಳೆ, ಅದನ್ನೂ ಕೇಳಿ ಬರೆದುಕೋ. ಅವಳು ತಾನಾಗಿ ಹೇಳುವುದಿಲ್ಲ. ಕೊಪ್ಪದ ಕಡೆ ಬರುವಾಗ ಇಲ್ಲಿಯೇ ತಿಳಿಸು. ಹಳೆಯ ದಾರಿಗಳು ನನಗೆ ಗೊತ್ತು, ಈಗಿನ ಸಹಾಯಕಿಯರಲ್ಲಿ ಕೆಲವರು ನನ್ನ ಜೊತೆ ಕೆಲಸ ಕಲಿತವರು. ಅವರಿಗೆ ನಾನೇ ಮೊದಲು ಹೇಳಿ ಒಪ್ಪಿಸುತ್ತೇನೆ. ಮೇಲಿನವರು ತನಿಖೆಗೆ ಕಳುಹಿಸಿದ್ದಾರೆ ಎಂದು ತಿಳಿದರೆ ಯಾರೂ ನಿಜವಾದ ಹೊತ್ತು ಹೇಳುವುದಿಲ್ಲ.